ಮನಿ ಎಂದೇ ಹಾಡಬೇಕಿತ್ತು

ನನ್ನ ಕಾದಂಬರಿಗಳನ್ನೆಲ್ಲ ‘ಆಡುಮಾತಿನ ಸೊಗಸು’ ಎಂದು ಎರಡೇ ಪದಗಳಲ್ಲಿ ಮುಗಿಸಿದ ವಿಮರ್ಶಕರನ್ನು ನಾನು ಮರೆತಿಲ್ಲ. ಒಂದೊಂದು ವಾಕ್ಯವನ್ನೂ ಕೂತು ತಿದ್ದಿದವನಿಗೆ ಅದು ಹೊಗಳಿಕೆಯಾಗಿ ಕೇಳಿಸುವುದಿಲ್ಲ. ಆದರೂ ಪುಸ್ತಕಗಳು ಉಳಿದಿವೆ. ಕೈತಪ್ಪಿ ಹೋದದ್ದು ನಾನು ಬರೆದ ಒಂದೇ ಒಂದು ಗೀತನಾಟಕ. ಮಾತೆಲ್ಲ ಹಾಡಾಗಿಯೇ ಬರುವ ಒಪೆರಾ.

ದೇವದುರ್ಗದ ಹೆಂಗಸೊಬ್ಬಳನ್ನು ಅಣ್ಣಂದಿರು ತವರಿನಿಂದ ಹೊರಹಾಕುವ ನನ್ನ ಕಾದಂಬರಿಯೇ ಅದಕ್ಕೆ ಆಧಾರ. ಕೊನೆಯಲ್ಲಿ ಅವಳು ಹೊಸ್ತಿಲ ಮೇಲೆ ನಿಂತು ‘ಇದು ನನ್ನ ಮನಿ’ ಎಂದು ಹಾಡುತ್ತಾಳೆ. ಕೊನೆಯ ಅಕ್ಷರವನ್ನು ಉಸಿರು ಮುಗಿಯುವವರೆಗೆ ಎಳೆಯಬೇಕು. ಮಾನ್ವಿಯ ಭಜನಾ ಮೇಳದಲ್ಲಿ ಹಾಡುತ್ತಿದ್ದ ಗೃಹಿಣಿಯೊಬ್ಬರನ್ನು ಆ ಪಾತ್ರಕ್ಕೆ ನಾನೇ ಆರಿಸಿದ್ದೆ. ಅವರು ಅದುವರೆಗೆ ರಂಗ ಹತ್ತಿದವರಲ್ಲ.

ರಾಯಚೂರಿನಲ್ಲಿ ತಾಲೀಮು. ಬೆಂಗಳೂರಿನಿಂದ ಬಂದಿದ್ದ ಸಂಗೀತ ನಿರ್ದೇಶಕರು ಹಾರ್ಮೋನಿಯಂ ನಿಲ್ಲಿಸಿದರು.

“ಮನೆ ಅಂತ ಹಾಡಿ ಅಮ್ಮ. ಮನಿ ಅಂದ್ರೆ ಜನ ದುಡ್ಡು ಅಂದ್ಕೊಂಡು ನಗ್ತಾರೆ.”

“ದುಡ್ಡಿದ್ದೋರಿಗಷ್ಟ ಮನಿ ಇರ್ತದೇನ್ರೀ?” ಎಂದರು ಆಕೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

‘ಏ’ ಎಂದು ಎಳೆದರೆ ಬಾಯಿ ತೆರೆದುಕೊಂಡು ಗೋಳಾಗುತ್ತದೆ, ‘ಈ’ ಎಂದರೆ ಹಲ್ಲು ಕಚ್ಚಿ ನಿಂತಂತಾಗುತ್ತದೆ, ಇವಳು ಗೋಳಾಡುವ ಹೆಂಗಸಲ್ಲ ಎಂದು ನಿಧಾನವಾಗಿ ವಿವರಿಸಿದೆ.

“ಒಂದು ಅಕ್ಷರಕ್ಕೆ ಇಷ್ಟು ಹಟಾನಾ ಸಾರ್?” ಎಂದರು ನಿರ್ದೇಶಕರು, ನನ್ನತ್ತ ತಿರುಗದೆಯೇ. ಆ ಬೆನ್ನು ಇಂದಿಗೂ ನನ್ನ ಕಣ್ಣ ಮುಂದಿದೆ. ಅಂದೇ ನಾನು ಅನುಮತಿ ಹಿಂಪಡೆದೆ. ಪ್ರದರ್ಶನ ನಿಂತಿತು.

ಬಹಳ ವರ್ಷಗಳ ಮೇಲೆ, ಈಚೆಗೆ, ಮಾನ್ವಿಯ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕರು. ಹೊಸ ತಂಡವೊಂದು ನಾಟಕವನ್ನು ನಾನು ಬರೆದಂತೆಯೇ ಆಡಲು ಒಪ್ಪಿದೆಯೆಂದು ಹೇಳಿದೆ.

“ಭಾಳ ಚಲೋ ಆತ್ರೀ ಯಪ್ಪಾ. ನನಗ ಈಗ ಉಸುರು ನಿಲ್ಲವಲ್ದು. ಬ್ಯಾರೆ ಯಾರನ್ನರ ನೋಡ್ರಿ.”

“ನಿಮ್ಮ ದನಿ ಕೇಳಿಯೇ ಆ ಸಾಲು ಬರ್ದಿದ್ದೆ, ಯವ್ವಾ.”

“ಹಂಗಾದ್ರ ಅವತ್ತು ನನ್ನೂ ಒಂದ್ ಮಾತು ಕೇಳಬೇಕಿತ್ರಿ. ನಾ ‘ಮನೇ’ ಅಂತ್ಲೇ ಹಾಡಿಬಿಡ್ತಿದ್ದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಕುರ್ಡಿಯ ಬಸ್ ಬಂತು. ಸೆರಗು ಸರಿಪಡಿಸಿಕೊಂಡು ಹತ್ತಿದರು.

ಆ ಅಕ್ಷರದ ವಿಷಯದಲ್ಲಿ ನಾನು ಹೇಳಿದ್ದೇ ಸರಿ. ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ. ಹೊಸ ತಂಡದವರು ಆ ಪಾತ್ರಕ್ಕೆ ಯಾರು ಹಾಡಬೇಕೆಂದು ಕೇಳಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.