ನಾಲಿಗೆಗೆ ತಿಳಿಯದ ನೀರು

ಬಾವಿ ತೋಡುವ ಆತನಿಗೆ ಊರು ಇಟ್ಟ ಹೆಸರು ನಾಲಿಗೆ ಮೇಸ್ತ್ರಿ. ಹೊಸ ಬಾವಿಯಲ್ಲಿ ನೀರು ಬಿದ್ದ ದಿನ ಮೊದಲ ಗುಟುಕು ಅವನದೇ. ಕಣ್ಣು ಮುಚ್ಚಿ, ಬಾಯಲ್ಲಿ ಹೊರಳಿಸಿ, ನುಂಗಿ, “ಕುಡೀರಿ” ಅಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಉಪ್ಪು, ಸುಣ್ಣ, ಕಬ್ಬಿಣ, ಎಲ್ಲವನ್ನೂ ಆ ನಾಲಿಗೆ ಹಿಡಿದು ಹಾಕುತ್ತಿತ್ತು. ಹೆಂಡತಿಯ ಅಡುಗೆಯ ವಿಷಯದಲ್ಲಿ ಮಾತ್ರ ತೆಪ್ಪಗಿರುತ್ತಿತ್ತು. ಅಷ್ಟು ಬುದ್ಧಿ ಅದಕ್ಕಿತ್ತು.

ಅವನು ತುಂಬ ಮನಸ್ಸಿಟ್ಟು ತೋಡಿದ್ದು ಅಕ್ಕನ ಹಿತ್ತಿಲ ಬಾವಿ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆಯೇ. ಆಳದಲ್ಲಿ ಹಾಳೆ ಹಾಳೆಯಾಗಿ ಏಳುವ ಕಪ್ಪು ಕಲ್ಲು ಸಿಕ್ಕಿತ್ತು. ಅದನ್ನು ಒಡೆದು, ಚೂರುಗಳನ್ನು ತೊಳೆದು, ತಳಕ್ಕೆ ಮೊಣಕಾಲೆತ್ತರ ಹಾಸಿದ್ದ. ಕೆಸರು ಏಳಬಾರದೆಂದು, ಆಯಾ ಬಾವಿಯಲ್ಲಿ ಸಿಕ್ಕ ಕಲ್ಲಿನಿಂದಲೇ ಎಲ್ಲ ಕಡೆಯೂ ಮಾಡುತ್ತಿದ್ದ ಕೆಲಸ ಅದು. ನೀರು ತಿಳಿಯಾಗಿ ಬಂತು. ಹನ್ನೆರಡು ವರ್ಷ ಅಕ್ಕ ಬೇರೆ ನೀರು ಮುಟ್ಟಲಿಲ್ಲ.

ಈಚೆಗೆ ಆಕೆಯ ಅಂಗೈ, ಅಂಗಾಲುಗಳಲ್ಲಿ ಕಾಳು ಕಾಳಾಗಿ ಗಂಟೆದ್ದವು. ಡಾಕ್ಟರು ನೀರನ್ನು ಪರೀಕ್ಷೆಗೆ ಕಳಿಸಿದರು. ಪ್ರಯೋಗಾಲಯದ ಹೆಂಗಸು ಬಾವಿಯ ತನಕ ಬಂದು ಮೇಸ್ತ್ರಿಗೆ ಬಿಡಿಸಿ ಹೇಳಿದಳು. ಈ ಕಪ್ಪು ಕಲ್ಲಿನಲ್ಲಿ ಆರ್ಸೆನಿಕ್ ಎಂಬ ವಿಷವಿದೆ. ನೆಲದೊಳಗೆ ಮುಚ್ಚಿಕೊಂಡಿರುವಷ್ಟು ದಿನ ಅದರ ಪಾಡಿಗೆ ಅದು. ಒಡೆದು ಗಾಳಿ ನೀರು ತಗುಲಿಸಿದರೆ ಕಲ್ಲು ಸವೆಯುತ್ತ ವಿಷ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಆ ಕೊನೆಯ ಮಾತನ್ನು ಮೇಸ್ತ್ರಿ ಮತ್ತೊಮ್ಮೆ ಹೇಳಿಸಿಕೊಂಡ.

ಅಕ್ಕ ಮಾತ್ರ ಜಗ್ಗಲಿಲ್ಲ. ಆ ಪರೀಕ್ಷೆಯ ಕಾಗದಕ್ಕಿಂತ ತಮ್ಮನ ನಾಲಿಗೆ ದೊಡ್ಡದು, ಅವನು ಬೇಡ ಅಂದರೆ ಈ ಕ್ಷಣ ಬಿಡುತ್ತೇನೆ ಎಂದು ಲೋಟ ತುಂಬಿ ಅವನ ಕೈಗಿಟ್ಟಳು.

ಅವನು ಕಣ್ಣು ಮುಚ್ಚಿ ಗುಟುಕರಿಸಿದ. ಅದೇ ನೀರು, ಅದೇ ಸಿಹಿ. ಮುಖ ಕಿವುಚಿ ಉಗಿದುಬಿಟ್ಟರೆ ಅಕ್ಕನೂ ಉಳಿಯುತ್ತಾಳೆ, ತನ್ನ ಮರ್ಯಾದೆಯೂ ಉಳಿಯುತ್ತದೆ. ಆದರೆ ಕಪ್ಪು ಕಲ್ಲು ಸಿಕ್ಕ ಬಾವಿಗಳು ಇನ್ನೂ ಆರಿದ್ದವು. ಇಲ್ಲಿ ಕಹಿ ಅಂದರೆ ಅವನ ನಾಲಿಗೆ ವಿಷ ಹಿಡಿಯುತ್ತದೆ ಎಂದಾಗುತ್ತದೆ; ತಮ್ಮ ನೀರನ್ನು ಅದು ಸಿಹಿ ಅಂದಿತ್ತು ಎಂಬ ಧೈರ್ಯದಲ್ಲಿ ಆ ಮನೆಯವರು ಕುಡಿಯುತ್ತಲೇ ಹೋಗುತ್ತಾರೆ. ಅವನು ನುಂಗಿದ.

“ಸಿಹಿಯಾಗೇ ಇದೆ ಅಕ್ಕಾ. ನನ್ನ ನಾಲಿಗೆಗೆ ವಿಷ ಗೊತ್ತಾಗಲ್ಲ. ಆವತ್ತೂ ಗೊತ್ತಾಗಿರ್ಲಿಲ್ಲ.”

ಉಳಿದ ಆರು ಬಾವಿಗಳ ಮಾತನ್ನೂ ಬಿಕ್ಕುತ್ತಲೇ ಹೇಳಿದ. ಐವತ್ತು ದಾಟಿದ ಗಂಡಸು, ಅಕ್ಕನ ಮುಂದೆ ಮೂಗು ಸುರಿಸುತ್ತ ನಿಂತಿದ್ದ.

ಅಕ್ಕ ಅವನನ್ನೇ ನೋಡಿದಳು. ಆಮೇಲೆ ಲೋಟ ಕಿತ್ತುಕೊಂಡು ನೀರು ಚೆಲ್ಲಿದಳು.

“ವಿಷ ಅಂತ ಗೊತ್ತಿದ್ದೂ ಯಾಕೋ ನುಂಗಿದೆ, ಪೆದ್ದ?”

ಆಕೆ ಕೊಡದಲ್ಲಿದ್ದುದನ್ನೂ ಬಗ್ಗಿಸಿ ಸುರಿದು, ಆ ಆರು ಮನೆಗಳಿಗೆ ಹೊರಡಲು ಚಪ್ಪಲಿ ಮೆಟ್ಟಿದಳು. ಗಂಟೆದ್ದ ಅಂಗಾಲು ಎತ್ತಿಡುವುದೇ ಕಷ್ಟವಾಗಿತ್ತು.

ಮೊದಲ ಮನೆಯ ಬಾಗಿಲನ್ನು ಮೇಸ್ತ್ರಿ ತಟ್ಟಿದ. ಅಕ್ಕ ಮುಂದೆ ಬಂದು, ತನ್ನ ಎರಡೂ ಅಂಗೈಗಳನ್ನು ಬಿಡಿಸಿ ತೋರಿಸಿದಳು.