ದಾರ ಕಟ್ಟಿದ ಲೋಟ

ಉಡುಪಿ ಕಡೆಯಿಂದ ಬಂದ ನಮ್ಮದು ನಾಶಿಕದಲ್ಲಿ ಇಡ್ಲಿ-ದೋಸೆಯ ಹೋಟೆಲು. ಹೋಟೆಲಿನವರ ಮನೆಯಲ್ಲಿ ಲೋಟಕ್ಕೆ ಒಡೆಯರಿರುವುದಿಲ್ಲ, ಕೈಗೆ ಸಿಕ್ಕಿದ್ದು ಅವರವರದು. ಹಾಗಾಗಿ ಒಂದು ಬೆಳಿಗ್ಗೆ ನನ್ನ ಕಾಫಿ ಲೋಟದ ಕಂಠಕ್ಕೆ ಕೆಂಪು ದಾರ ಕಟ್ಟಿದ್ದು ಕಂಡಾಗ ಯಾಕೆಂದು ಕೇಳಬೇಕಾಗಲಿಲ್ಲ.

ನನಗೆ ಹುಟ್ಟಿನಿಂದ ಹಿಮೋಫಿಲಿಯಾ. ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಮೊಣಕಾಲಿನೊಳಗೆ ತಾನಾಗಿ ರಕ್ತ ಇಳಿದು ತೆಂಗಿನಕಾಯಿಯಷ್ಟು ಊದುತ್ತದೆ. ಚಿಕ್ಕಂದಿನಲ್ಲಿ ಹಾಗಾದಾಗಲೆಲ್ಲ ಬೇರೆಯವರ ರಕ್ತದಿಂದ ತೆಗೆದ ಪ್ಲಾಸ್ಮಾ ಏರಿಸುತ್ತಿದ್ದರು. ಯಾವುದೋ ಒಂದು ಚೀಲದ ಜೊತೆ ಹೆಪಟೈಟಿಸ್ ಸಿ ವೈರಸ್ಸೂ ಬಂದು ಯಕೃತ್ತಿನಲ್ಲಿ ಸದ್ದಿಲ್ಲದೆ ಬಿಡಾರ ಹೂಡಿತ್ತು. ಅದು ಗೊತ್ತಾದದ್ದು ನಲವತ್ತರ ಹತ್ತಿರ, ಹಲ್ಲು ಕೀಳಿಸುವ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ. ರಕ್ತ ಕೊಟ್ಟ ಪುಣ್ಯಾತ್ಮ ಯಾರೋ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ರಕ್ತ ಇಲ್ಲದಿದ್ದರೆ ಸಿಟ್ಟು ಮಾಡಲು ನಾನೇ ಇರುತ್ತಿರಲಿಲ್ಲ.

ಅಮ್ಮನಿಗೆ ಯಕೃತ್ತಿನ ಕಾಯಿಲೆ ಎಂದರೆ ಕಾಮಾಲೆ, ಬೇರೆ ಇಲ್ಲ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು. ನನ್ನ ಪಾಲಿನ ಒಗ್ಗರಣೆ ನಿಂತಿತು. ದೋಸೆ ಹೋಟೆಲಿನ ಮಗ ಗಂಜಿ ಕುಡಿದು ಗಲ್ಲಾಪೆಟ್ಟಿಗೆಯ ಮುಂದೆ ಕೂರುವಂತಾಯಿತು.

"ಅಡಿಗೆಕೋಣೆಗೆ ಬರ್ಬೇಡ ಮಗಾ, ಹತ್ತು ಜನ ಉಣ್ಣುವ ಜಾಗ" ಎಂದಳು.

ಇದು ಎಂಜಲಿನಿಂದ ಹರಡುವುದಿಲ್ಲ ಎಂದೆ.

"ಇರ್ಲಿ, ಜಾಗ್ರತೆ ಒಳ್ಳೇದಲ್ವಾ?" ಎಂದು ದಾರದ ಗಂಟು ಬಿಗಿ ಮಾಡಿದಳು. ಪಾತ್ರೆ ನನ್ನ ಲೋಟಕ್ಕೆ ತಾಗದಂತೆ ಕಾಫಿಯನ್ನು ಮೇಲಿನಿಂದಲೇ ಸುರಿಯುತ್ತಿದ್ದಳು. ತಿಂಗಳುಗಟ್ಟಲೆ ಹೀಗೇ ನಡೆಯಿತು.

ಲಿವರ್ ಡಾಕ್ಟರನ್ನು ಕಾಣಲು ಅಪ್ಪ, ಅಮ್ಮ, ನಾನು ಮೂವರೂ ಛತ್ರಪತಿ ಸಂಭಾಜಿನಗರಕ್ಕೆ ಹೋದೆವು. ಅಲ್ಲಿ ಚಿಕ್ಕಪ್ಪನ ಮನೆಯಿದೆ. ಅಮ್ಮನ ಬಾಯಲ್ಲಿ ಊರು ಇನ್ನೂ ಔರಂಗಾಬಾದೇ. ಲೋಟವೂ ಅವಳ ಚೀಲದಲ್ಲಿ ಕೂತು ಬಸ್ ಪ್ರಯಾಣ ಮಾಡಿತು.

ಮಾತ್ರೆ ಮೂರು ತಿಂಗಳು, ಹೆಚ್ಚಿನವರಿಗೆ ಪೂರ್ತಿ ಗುಣವಾಗುತ್ತದೆ, ಊಟ ಲೋಟ ಏನೂ ಬೇರೆ ಬೇಡ ಎಂದು ಡಾಕ್ಟರಮ್ಮ ಮರಾಠಿಯಲ್ಲಿ ಹೇಳಿದರು. ಆಮೇಲೆ, ಮನೆಯಲ್ಲಿ ಗಡ್ಡ ಹೆರೆಯುವ ರೇಜರ್ ಯಾರ್ಯಾರದು ಎಂದು ಕೇಳಿದರು.

ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ನಮ್ಮ ಬಚ್ಚಲಿನಲ್ಲಿ ರೇಜರ್ ಒಂದೇ, ಪಟಿಕದ ತುಂಡೂ ಒಂದೇ. ಬ್ಲೇಡ್ ಮೊಂಡಾಗುವವರೆಗೆ ಇಬ್ಬರಿಗೂ ಅದೇ. ನನ್ನ ಗಾಯಕ್ಕೆ ಒತ್ತಿದ ಪಟಿಕವನ್ನೇ ಅಪ್ಪನೂ ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದರು. ರಕ್ತದಿಂದ ರಕ್ತಕ್ಕೆ ಹೋಗುವ ಕಾಯಿಲೆಯನ್ನು ನಾವು ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತ ಕೂತಿದ್ದೆವು.

ಅಪ್ಪನ ರಕ್ತ ಅಲ್ಲೇ ತೆಗೆದರು. ಏನೆಂದು ಮರುದಿನ ತಿಳಿಸುತ್ತೇವೆ ಎಂದರು. ಹೊರಗೆ ಬಂದವರೇ ಅಪ್ಪ ಎದುರಿನ ಅಂಗಡಿಯಲ್ಲಿ ಹೊಸ ರೇಜರ್ ಕೊಂಡರು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನನಗೆ ನಗು ಬರಲಿಲ್ಲ. ನನಗೆ ಯಾರಿಂದಲೋ ಬಂದಿತ್ತು. ಅಪ್ಪನಿಗೆ ಬಂದಿದ್ದರೆ ಅದು ನನ್ನಿಂದ. ಆ ಹೆದರಿಕೆಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಪ್ಪನ ಅಡುಗೆಮನೆಯಲ್ಲಿ ಅಮ್ಮ ಕಾಫಿ ಮಾಡುತ್ತಿದ್ದಳು. ಅಪ್ಪ ಬಾಗಿಲಲ್ಲೇ ನಿಂತು, "ನಂಗೂ ಬೇರೆ ಲೋಟ ಬೇಕಾದೀತು. ದಾರ ಉಂಟಾ?" ಎಂದರು.

ಅಮ್ಮ ಚೂರಿ ತೆಗೆದು ನನ್ನ ಲೋಟದ ದಾರ ಕತ್ತರಿಸಿದಳು. ಮೂರು ಲೋಟ ಸಾಲಾಗಿ ಇಟ್ಟು ಕಾಫಿ ಬಗ್ಗಿಸಿದಳು.

"ಆ ಡಾಕ್ಟ್ರಮ್ಮ ಬೇಡ ಹೇಳಿದ್ದಾರಲ್ಲ" ಎಂದಳು.

ಅಪ್ಪನ ರಕ್ತದಲ್ಲಿ ಏನೂ ಇಲ್ಲವೆಂದು ಮಧ್ಯಾಹ್ನ ತಿಳಿಯಿತು. ನನಗೆ ಹೋದ ಜೀವ ಬಂದಂತಾಯಿತು. ಮಾತ್ರೆಗಳು ಮುಗಿದು ಈಗ ನನ್ನ ವೈರಸ್ಸೂ ಹೋಗಿದೆ. ಹೋಟೆಲಿನಲ್ಲಿ ಕಾಫಿ ಬೆರೆಸುವವನು ನಾನೇ. ಬಚ್ಚಲಿನಲ್ಲಿ ರೇಜರ್ ಎರಡಿವೆ. ಅಮ್ಮನ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಡಾಕ್ಟರಮ್ಮ ಹೇಳಿದ್ದನ್ನೇ ನಾನೂ ಹೇಳಿದ್ದೆ. ನನ್ನ ಲೋಟಕ್ಕೆ ಅಷ್ಟು ದಿನ ಕಟ್ಟಿದ ದಾರವನ್ನು ಅಪ್ಪನ ಲೋಟಕ್ಕೆ ಒಂದು ಬೆಳಿಗ್ಗೆಯ ಮಟ್ಟಿಗೂ ಕಟ್ಟಲು ಅವಳ ಕೈ ಬರಲಿಲ್ಲ. ಅದು ನನಗೆ ಇನ್ನೂ ನೋಯುತ್ತದೆ.