ಮೌಸ್ ಮುಟ್ಟದ ಕಂಪ್ಯೂಟರ್ ಮಾಸ್ತರರು

ಭಾನುವಾರ, ಬೆಳಿಗ್ಗೆ ಏಳೂವರೆ. ಇಳಕಲ್ಲಿನ ನಮ್ಮ ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟ ಕಂಪ್ಯೂಟರ್ ಮಾಸ್ತರರು ನೆನಪಾದರು.

ಮಾರಿಹೋದ ಸೀರೆಯ ಫೋಟೊವನ್ನು ಹಳೆಯ ವೆಬ್‌ಸೈಟಿನಿಂದ ಅಳಿಸಲು ನಮಗೆ ಬರುತ್ತಿರಲಿಲ್ಲ. ಇಲ್ಲದ ಸೀರೆ ಕೇಳಿದ ಗಿರಾಕಿಗಳು ಬೈದು ದೂರವಾಗುತ್ತಿದ್ದರು. ಮಾಸ್ತರರು ವೆಬ್‌ಸೈಟ್ ನಡೆಸುವ ಮೂರು ಸಾಫ್ಟ್‌ವೇರ್ ತಂದು, ಅವ್ವನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ, ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಇದರಾಗಿಂದ ಒಂದ್ ಸೀರಿ ತಗೀರಿ ಅಕ್ಕಾರ. ನಾ ಮುಟ್ಟಂಗಿಲ್ಲ.”

“ಮುಟ್ಟಿದ್ರ ಕೈ ಸವೀತಾವೇನ್ರಿ?” ಎಂದು ಅವ್ವ ರೇಗಿದಳು.

“ನಾ ಮುಟ್ಟಂಗಿಲ್ಲ.”

ಮೊದಲನೆಯದರಲ್ಲಿ ಅವ್ವ ಹನ್ನೊಂದು ಸಲ ದಾರಿ ತಪ್ಪಿದಳು, ಎರಡನೆಯದರಲ್ಲಿ ಆರು ಸಲ. ಮೂರನೆಯದರಲ್ಲಿ ಒಮ್ಮೆಯೂ ಇಲ್ಲ. ಅದನ್ನೇ ಹಾಕಿಕೊಟ್ಟರು.

ಆಮೇಲೆ ಅವರನ್ನು ಕರೆಯುವ ಪ್ರಸಂಗವೇ ಬರಲಿಲ್ಲ. ಅವರು ಊರು ಬಿಟ್ಟದ್ದೂ ನಮಗೆ ತಡವಾಗಿ ತಿಳಿಯಿತು. ಈಗ ಎಲ್ಲಿದ್ದಾರೆಂದು ಬಲ್ಲವರು ನನಗೆ ಬರೆಯಿರಿ.